ಹಾರ್ಲನ್ ಜೂಕನ ಬಿಳಿ ಮೊಟ್ಟೆಗಳು

ಹಾರ್ಲನ್ ಜೂಕನ ಮುತ್ತಜ್ಜ ಆ್ಯಮೋಸ್, ಟ್ರೌಟ್ ಮೀನಿನ ಮರಿಗಳನ್ನು ಹಾಲಿನ ಕ್ಯಾನುಗಳಲ್ಲಿ ತುಂಬಿಕೊಂಡು, ದಾರಿಯುದ್ದಕ್ಕೂ ಮಂಜುಗಡ್ಡೆ ಹಾಕುತ್ತ, ರೈಲಿನಲ್ಲಿ ಪೆನ್ಸಿಲ್ವೇನಿಯಾದ ಈ ಬೆಟ್ಟದ ಬುಡಕ್ಕೆ ತಂದವನು. ಅಜ್ಜ ಎಫ್ರೇಮ್ ಒಂಟಿ ಗುದ್ದಲಿಯಲ್ಲಿ ಒರತೆಯ ನೀರಿಗೆ ಕಾಲುವೆ ತೋಡಿದವನು. ಅಪ್ಪ ಮೆನ್ನೋ ನೆರೆಯಲ್ಲಿ ಎದೆಮಟ್ಟ ನಿಂತು ತಾಯಿಮೀನುಗಳನ್ನು ಉಳಿಸಿದವನು. ಊರವರು ಹೊಳೆಯಲ್ಲಿ ಗಾಳಕ್ಕೆ ಹಿಡಿಯುವುದೆಲ್ಲ ಆ ಮೀನುಗಳ ಸಂತಾನವೇ.

ಹಾರ್ಲನ್ನನ ಕೈಯೂ ಸಾಮಾನ್ಯದ್ದಲ್ಲ. ನಲವತ್ತು ವರ್ಷ ಸರ್ಕಾರಿ ಮೀನುಮರಿ ಕೇಂದ್ರದಲ್ಲಿ ತಾಯಿಮೀನಿನ ಹೊಟ್ಟೆ ನೀವಿ ಮೊಟ್ಟೆ ಇಳಿಸಿದ ಕೈ. ಆದರೆ ವರ್ನಾ ಎಂಬುವಳು ಬಂದ ಮೂರೇ ವರ್ಷಕ್ಕೆ, ಅವಳ ತಟ್ಟೆಯ ಮೊಟ್ಟೆಗಳು ಅವನವಕ್ಕಿಂತ ಹೆಚ್ಚು ಬದುಕತೊಡಗಿದವು. ಅವಳ ಬೂಟಿನ ಸದ್ದು ಕೇಳಿದರೂ ಅವನ ಹೊಟ್ಟೆಯಲ್ಲಿ ಕೆಂಡ ಕೆದಕಿದಂತಾಗುತ್ತಿತ್ತು.

ಅಕ್ಟೋಬರಿನಲ್ಲಿ ಮೇಲ್ವಿಚಾರಕ ಬಂದು ಹೇಳಿಯೇಬಿಟ್ಟ: "ಈ ಸಲ ಯಾರ ತಟ್ಟೇಲಿ ಜಾಸ್ತಿ ಉಳಿಯುತ್ತೋ, ಇನ್ಮುಂದೆ ತಾಯಿಮೀನೆಲ್ಲ ಅವರ ಕೈಗೆ."

ಮೊಟ್ಟೆ ಇಳಿಸುವಾಗ ತಟ್ಟೆ ಒಣಗಿರಬೇಕು, ಮೀನನ್ನು ಬಟ್ಟೆಯಲ್ಲಿ ಒರೆಸಬೇಕು. ಗಂಡುಮೀನಿನ ಹಾಲಿನಂಥ ವೀರ್ಯ ಬೆರೆಯುವ ಮೊದಲೇ ನೀರು ತಾಗಿದರೆ ಮೊಟ್ಟೆ ಬಾಯಿ ಮುಚ್ಚಿಕೊಳ್ಳುತ್ತದೆ, ಮರಿ ಕಟ್ಟುವುದಿಲ್ಲ. ಹಾರ್ಲನ್ ಇದನ್ನು ಹತ್ತಾರು ಜನಕ್ಕೆ ಕಲಿಸಿದವನು. ಅವತ್ತು ಮಾತ್ರ ಅವನ ಕಣ್ಣು ಪಕ್ಕದ ತೊಟ್ಟಿಯಲ್ಲಿದ್ದ ವರ್ನಾಳ ಕೈ ಮೇಲೇ ನೆಟ್ಟಿತ್ತು.

"ಏನ್ರೀ, ನನ್ನ ಕೈಗೆ ದೃಷ್ಟಿ ಹಾಕ್ತಿದ್ದೀರಾ?" ಎಂದು ವರ್ನಾ ನಕ್ಕಳು.

"ಮೀನಿನ ಹೊಟ್ಟೆ ನೀವ್ತಿದ್ದೀಯೋ, ರೊಟ್ಟಿಹಿಟ್ಟು ನಾದ್ತಿದ್ದೀಯೋ ಅಂತ ನೋಡ್ತಿದ್ದೆ."

"ನಾದಿದ್ರೂ ಉಬ್ಬತ್ತಲ್ಲ ನಂದು!"

ಉತ್ತರ ಹುಡುಕುವ ಉರಿಯಲ್ಲಿ ಹಾರ್ಲನ್ ಕೈಯಲ್ಲಿದ್ದ ಮೀನನ್ನು ಒರೆಸಲಿಲ್ಲ. ಬಾಲದ ನೀರು ತಟ್ಟೆಗೆ ತೊಟ್ಟಿಕ್ಕಿತು. ಅವನಿಗದು ಕಾಣಲಿಲ್ಲ, ವರ್ನಾಳಿಗೆ ಕಂಡಾಗ ಹೊತ್ತು ಮೀರಿತ್ತು.

ತಿಂಗಳು ಕಳೆಯಿತು. ವರ್ನಾಳ ಮೊಟ್ಟೆಗಳಲ್ಲಿ ಜೋಡಿ ಕಪ್ಪು ಕಣ್ಣು ಮೂಡಿದವು. ಹಾರ್ಲನ್ನನವು ಅಕ್ಕಿ ಚೆಲ್ಲಿದಂತೆ ಬೆಳ್ಳಗೆ ಸತ್ತು ಬಿದ್ದಿದ್ದವು. ಮೇಲ್ವಿಚಾರಕ ಎಣಿಸಲು ಬರುವವನಿದ್ದ. ವರ್ನಾ ಬಾಗಿಲು ಮುಂದೆ ಮಾಡಿ, ತನ್ನ ತಟ್ಟೆಯನ್ನು ಅವನ ಪಕ್ಕ ತಂದಿಟ್ಟಳು.

"ಅರ್ಧ ನಿಮ್ಮದಕ್ಕೆ ಸುರೀತೀನಿ. ಯಾರಿಗೂ ಗೊತ್ತಾಗಲ್ಲ. ಅವತ್ತು ನಾನು ಕೆಣಕದೆ ಇದ್ದಿದ್ರೆ ಹೀಗಾಗ್ತಿರಲಿಲ್ಲ."

ಹಾರ್ಲನ್ ಅವಳ ಮೊಟ್ಟೆಗಳೊಳಗಿನ ಆ ಜೋಡಿ ಕಣ್ಣುಗಳನ್ನು ನೋಡಿದ. ಎಷ್ಟು ಚೆನ್ನಾಗಿದ್ದವು! ಅದೇ ಅವನನ್ನು ಸುಟ್ಟಿತು. ಇಕ್ಕಳ ತೆಗೆದುಕೊಂಡು, ತನ್ನ ತಟ್ಟೆಯಿಂದ ಒಂದೊಂದಾಗಿ ಬಿಳಿ ಮೊಟ್ಟೆ ಹೆಕ್ಕಲು ಬಗ್ಗಿದ.

"ತಗೊಂಡು ಹೋಗು ಕಣಮ್ಮ. ನಿನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು, ಅದು ನಿನಗೂ ಗೊತ್ತು. ಅದರ ಮೇಲೆ ನಿನ್ನ ಋಣ ಬೇರೆ ಹೊರಲ್ಲ ನಾನು. ನನ್ನ ಕೈಯಿಂದ ಸತ್ತವನ್ನ ನಾನೇ ಹೆಕ್ತೀನಿ."