ಆಯಿಯ ಕೋಣೆಗೆ ಕಾಕು ಬರೆದ ಗೋಡೆ

ಕಾಕುವಿನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಬಣ್ಣ ಇರುತ್ತಿತ್ತು. ರೊಟ್ಟಿ ಬಡಿಯುವ ಮುಂಚೆ ನಿಂಬೆಹೋಳಿನಿಂದ ತಿಕ್ಕಿದರೂ ಹೋಗುತ್ತಿರಲಿಲ್ಲ.

ಬಬಲೇಶ್ವರದ ಒಕ್ಕಲುಮನೆಯ ಮಗಳು. ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಗೆ ಸೊಸೆಯಾಗಿ ಬಂದವರು. ಓಣಿಗೆಲ್ಲ ಕಾಕು, ಎಂದರೆ ಚಿಕ್ಕಮ್ಮ. ಮೊದಲು ಸೊಲ್ಲಾಪುರದ ಚಾದರಗಳಿಗೆ, ಸೀರೆಯ ಸೆರಗಿಗೆ ಡಿಸೈನ್ ಬರೆದುಕೊಡುತ್ತಿದ್ದರು, ಆಮೇಲೆ ವಾಲ್‌ಪೇಪರಿಗೆ. ಯಾವುದು ಕಷ್ಟ ಎಂದರೆ ನಗುತ್ತಿದ್ದರು: "ಸೀರಿ ಬ್ಯಾಸರಾದ್ರ ಬ್ಯಾರೇದು ಉಡತೀವಿ. ಗ್ವಾಡಿ ಬ್ಯಾಸರಾದ್ರ ಎಲ್ಲಿಗೆ ಹೋಗೂದವ್ವಾ?"

ಅಪ್ಪನ ತಾಯಿ, ನಮ್ಮ ಆಯಿಗೆ ಮರೆವಿನ ಕಾಯಿಲೆ ಶುರುವಾದಾಗ ತಿಕೋಟಾದಿಂದ ವಿಜಯಪುರಕ್ಕೆ ಕರೆತಂದೆವು. ನಮ್ಮ ಬಿಳಿ ಗೋಡೆಗಳನ್ನು ನೋಡಿ ಆಯಿ ಮನೆಯನ್ನು ಆಸ್ಪತ್ರೆ ಎಂದುಕೊಂಡಳು. "ಈ ದವಾಖಾನಿ ಸಾಕ್ರಿ, ನನ್ನ ಮನಿಗೆ ಕಳಸ್ರಿ" ಎಂದು ನನ್ನ ಅವ್ವನಿಗೇ ಕೈಮುಗಿಯುತ್ತಿದ್ದಳು. ಊಟ ಬಿಟ್ಟಳು. ಒಂದು ಮಧ್ಯಾಹ್ನ ಕಾಣೆಯಾದವಳು ಬಸ್‌ಸ್ಟ್ಯಾಂಡಿನಲ್ಲಿ ಬರಿಗಾಲಲ್ಲಿ ಸಿಕ್ಕಳು. ಅಪ್ಪ ಆಕೆಯ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿ, ಕಟ್ಟೆಯ ಮೇಲೆ ಕೂತು ಅತ್ತ.

ಸುದ್ದಿ ಕೇಳಿ ಕಾಕು ಬಂದರು. ಆಯಿಯ ಪಕ್ಕ ನೆಲದ ಮೇಲೆ ಕೂತು, "ಆಯೀ, ನಿಮ್ಮ ಅಡಗಿಮನಿ ಗ್ವಾಡಿಗೆ ಏನ್ ಬರೀತಿದ್ರಿ?" ಎಂದು ಕೇಳಿ ಸುಣ್ಣದ ನೀರಿನ ಬಟ್ಟಲು ಮುಂದಿಟ್ಟರು. ಮಗನ ಹೆಸರೂ ನೆನಪಿಲ್ಲದ ಆಯಿ ಬೆರಳು ಅದ್ದಿ ನೆಲದ ಮೇಲೆ ಬರೆದೇ ಬಿಟ್ಟಳು: ಜೋಳದ ತೆನೆ, ಸುತ್ತ ಚುಕ್ಕಿ.

ಕಾಕು ಅದನ್ನು ಕೆಮ್ಮಣ್ಣಿನ ಬಣ್ಣದ ಮೇಲೆ ಅಚ್ಚು ಹಾಕಿಸಿ ತಂದು ಒಂದು ಹಾಳೆ ಅಂಟಿಸಿದರು. ಆಯಿ ಮುಖ ತಿರುಗಿಸಿದಳು. ಕಾಕು ಬಹಳ ಹೊತ್ತು ಹಾಳೆಯನ್ನೇ ನೋಡಿದರು. "ನಾನು ಭಾಳ ಶಾಣ್ಯಾತನ ಮಾಡೀನ್ರಿ. ಅವ್ರ ಗೆರಿ ನೆಟ್ಟಗ ಮಾಡಬಾರದಿತ್ತು" ಎಂದು ಕಿತ್ತುಕೊಂಡು ಹೋದರು.

ಎರಡನೆಯ ಸಲ ತಂದದ್ದರಲ್ಲಿ ಒಂದು ತೆನೆಯಂತೆ ಇನ್ನೊಂದಿರಲಿಲ್ಲ. ಚುಕ್ಕಿಗಳೂ ಅಷ್ಟೆ, ಒಂದು ದಪ್ಪ, ಒಂದು ಅಳಿಸಿದಂತೆ. ಇಡೀ ಕೋಣೆಗೆ ಅಂಟಿಸಿ ಮುಗಿಸಿದರು. ಆಯಿ ಎದ್ದು ಗೋಡೆಯ ಮೇಲೆ ಅಂಗೈ ಆಡಿಸಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ನಮ್ಮ ಕಡೆ ತಿರುಗಿದಳು.

"ನಿಂತೇ ಇದ್ದೀರಲ್ರಿ? ಕುಂದರ್ರಿ. ಚಾ ಮಾಡ್ತೀನಿ."

ಅಪ್ಪ ಆ ಸಂಜೆಯೇ ಚಿಲಕ ಕಿತ್ತುಹಾಕಿದ.

ಮುಂದೆ ಆಯಿ ಮತ್ತೆ ಬಸ್‌ಸ್ಟ್ಯಾಂಡಿನ ಹಾದಿ ಹಿಡಿಯಲಿಲ್ಲ. ಆ ಕೋಣೆಯಲ್ಲೇ, ತನ್ನ ಮನೆಯಲ್ಲೇ ಇದ್ದೇನೆಂಬ ನೆಮ್ಮದಿಯಲ್ಲಿ ಕಣ್ಣು ಮುಚ್ಚಿದಳು. ಈಚೆಗೆ ಕಾಕುವೂ ಹೋದರು. ಅವರ ಡಿಸೈನುಗಳು ಈಗ ಯಾರು ಯಾರದೋ ಮನೆಗಳಲ್ಲಿವೆ. ಅವರನ್ನು ಮಣ್ಣಿಗೆ ಒಯ್ಯುವಾಗ ಅಪ್ಪ ಮಗನಂತೆ ಹೆಗಲು ಕೊಟ್ಟ. ಯಾರೂ ಯಾಕೆಂದು ಕೇಳಲಿಲ್ಲ.