ಆಯುಧಪೂಜೆಯ ಕಾಯಿಯ ಸೋಪು

ನಮ್ಮ ವರ್ಕ್‌ಶಾಪಿನಲ್ಲಿ ಆಯುಧಪೂಜೆಯ ದಿನ ಪ್ರತಿ ಯಂತ್ರಕ್ಕೂ ಒಂದೊಂದು ತೆಂಗಿನಕಾಯಿ ಒಡೆಯಬೇಕು. ಇದು ನನ್ನ ಮಾವನವರು ಮಾಡಿಟ್ಟು ಹೋದ ಕಟ್ಟಳೆ. ಅವರ ಕಾಲದಲ್ಲಿ ಇದ್ದದ್ದು ಒಂದೇ ಲೇತ್ ಮಷಿನ್, ಹಾಗಾಗಿ ಅವರಿಗೇನೂ ಕಷ್ಟವಾಗಲಿಲ್ಲ. ಈಗ ಪೀಣ್ಯದ ಆ ಶೆಡ್ಡಿನಲ್ಲಿ ಲೇತುಗಳ ಜೊತೆಗೆ ಡ್ರಿಲ್ಲಿಂಗ್ ಮಷಿನ್, ಗ್ರೈಂಡರ್, ಕಂಪ್ರೆಸರ್, ತೂಕದ ಯಂತ್ರ, ಟೆಂಪೊ, ಕಂಪ್ಯೂಟರ್ ಎಲ್ಲ ಇವೆ. ಕಂಪ್ಯೂಟರಿಗೆ ಒಡೆದ ಮೇಲೆ ಪಕ್ಕದ ಪ್ರಿಂಟರಿಗೆ ಒಡೆಯದಿದ್ದರೆ ಹೇಗೆ? ಕೊನೆಗೆ ಗೋಡೆಗೆ ನೇತುಹಾಕಿದ ಬೆಂಕಿ ಆರಿಸುವ ಸಿಲಿಂಡರಿಗೂ ಒಂದು ಕಾಯಿ. ಅದು ಒಂದು ದಿನವೂ ಕೆಲಸ ಮಾಡಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ನನ್ನ ಗಂಡ, "ಮಾಡೋ ಹಾಗೆ ಆಗದಿರ್ಲಿ ಅಂತಾನೇ ಒಡೀತಿರೋದು," ಎಂದರು.

ಪೂಜೆ ಮುಗಿದ ಮೇಲೆ ಗೋಣಿಚೀಲ ತುಂಬ ಕಾಯಿಹೋಳು ಉಳಿಯುತ್ತದೆ. ಹಂಚೋಣವೆಂದರೆ ಅವತ್ತು ಪೀಣ್ಯದ ಎಲ್ಲ ಶೆಡ್ಡುಗಳದ್ದೂ ಅದೇ ಪಾಡು. ನಾವು ಪಕ್ಕದವರಿಗೆ ಒಂದಿಷ್ಟು ಕೊಟ್ಟರೆ ಸಂಜೆಯೊಳಗೆ ಅವರು ಅದಕ್ಕಿಂತ ಜಾಸ್ತಿ ತಂದು ಕೊಡುತ್ತಾರೆ. ವಾರವಿಡೀ ಚಟ್ನಿ, ಮಿಠಾಯಿ, ಕಾಯನ್ನ ಮಾಡಿ ಮಾಡಿ ಕೈ ಸೋತ ಮೇಲೆ, ಉಳಿದದ್ದನ್ನು ತಾರಸಿಯಲ್ಲಿ ಒಣಗಿಸಿ ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸುತ್ತೇವೆ. ಆ ಎಣ್ಣೆ ನಮ್ಮ ಅತ್ತೆಯ ಸುಪರ್ದಿಗೆ ಸೇರಿದ್ದು. ದೇವರ ದೀಪಕ್ಕೆ ಮತ್ತು ಅವರ ಮಂಡಿನೋವಿಗೆ ಬಿಟ್ಟರೆ ಒಂದು ತೊಟ್ಟೂ ಆಚೆ ಬರುವುದಿಲ್ಲ.

ಆ ಎಣ್ಣೆಗೆ ನಾನು ಕೈ ಹಾಕಿದ್ದು ನನ್ನ ಗಂಡನ ಕೈಗಳಿಗಾಗಿ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲೇತಿನ ಮುಂದೆ ನಿಂತ ಕೈಗಳು ಅವು. ಗ್ರೀಸು, ಕಟಿಂಗ್ ಆಯಿಲು, ಕಬ್ಬಿಣದ ಪುಡಿ ಸೇರಿ ಚರ್ಮದ ಗೀರುಗಳೊಳಗೆ ಮನೆ ಮಾಡಿಕೊಂಡಿದ್ದವು. ಸೀಮೆಎಣ್ಣೆ, ನಿಂಬೆಹಣ್ಣು, ಮರದ ಹೊಟ್ಟಿಗೆ ಬಟ್ಟೆ ಸೋಪಿನ ಪುಡಿ ಬೆರೆಸಿ ಉಜ್ಜುವ ವರ್ಕ್‌ಶಾಪಿನ ವಿದ್ಯೆ, ಯಾವುದಕ್ಕೂ ಅವು ಬಗ್ಗಲಿಲ್ಲ. ಹಾಗಂತ ಅದು ನಮಗೆ ಯಾರಿಗೂ ಒಂದು ವಿಷಯವೇ ಆಗಿರಲಿಲ್ಲ. ವಿಷಯವಾದದ್ದು ಮಗಳ ನಿಶ್ಚಿತಾರ್ಥದ ದಿನ. ಹುಡುಗನ ಕಡೆಯವರು ಬೇಗೂರಿನವರು, ಮರ್ಯಾದಸ್ಥರು. ತಾಂಬೂಲದ ತಟ್ಟೆ ಬದಲಾಯಿಸಲು ನನ್ನ ಗಂಡ ಕೈ ಚಾಚಿದಾಗ, ಹುಡುಗನ ಸೋದರತ್ತೆ ಬಹಳ ಮೆಲುದನಿಯಲ್ಲಿ, ಒಳ್ಳೆಯ ಮನಸ್ಸಿನಿಂದಲೇ, "ಬೀಗ್ರೇ, ನಲ್ಲಿ ಆ ಕಡೆ ಇದೆ. ಕೈ ತೊಳ್ಕೊಂಡು ಬಂದ್ಬಿಡಿ, ಕಾಯ್ತೀವಿ," ಎಂದರು.

ಇವರು ಆಗಷ್ಟೇ ತೊಳೆದುಕೊಂಡು ಬಂದಿದ್ದರು. ಆದರೂ ಎದ್ದು ಹೋಗಿ ಮತ್ತೆ ತೊಳೆದು, ಅದೇ ಕೈಗಳನ್ನು ತಂದರು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಧಾರೆಗೆ ಅಣ್ಣನ್ನ ಕೂರಿಸೋಣ. ಬ್ಯಾಂಕಲ್ಲಿದ್ದೋನು, ಕೈ ಚೆನ್ನಾಗಿವೆ," ಎಂದರು. ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಇರುವಾಗ ದೊಡ್ಡಪ್ಪ ಧಾರೆ ಎರೆದುಕೊಡುವುದಾದರೆ ತನಗೆ ಮದುವೆಯೇ ಬೇಡವೆಂದು ಒಳಗಿನಿಂದಲೇ ಹೇಳಿದಳು. ಇವರು ಒಮ್ಮೆ ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. ಕೈ ಬೆಳ್ಳಗಾಗುವ ತನಕ ಈ ಮನುಷ್ಯ ಹಸೆಮಣೆಯ ಹತ್ತಿರ ಸುಳಿಯುವುದಿಲ್ಲವೆಂದು ನನಗೆ ಗೊತ್ತಾಗಿಹೋಯಿತು.

ಕೊಬ್ಬರಿ ಎಣ್ಣೆಯ ಸೋಪು ಎಂಥ ಜಿಡ್ಡನ್ನೂ ಎತ್ತುತ್ತದೆಂದು ಫೋನಿನಲ್ಲಿ ಯಾರೋ ಹೆಂಗಸು ಮಾಡಿ ತೋರಿಸುತ್ತಿದ್ದಳು. ಎಣ್ಣೆ, ನೀರು, ಕಾಸ್ಟಿಕ್ ಸೋಡಾ, ಅಷ್ಟೇ. ಆಯುಧಪೂಜೆ ಕಳೆದು ಗಾಣದಿಂದ ಹೊಸ ಎಣ್ಣೆ ಬಂದಿತ್ತು. ಅತ್ತೆ ಮಧ್ಯಾಹ್ನ ಮಲಗಿದ್ದಾಗ ಒಂದು ಕ್ಯಾನು ಟೆಂಪೊ ಹತ್ತಿಸಿದೆ. ಕಾಸ್ಟಿಕ್ ಸೋಡಾ ಪಕ್ಕದ ಪ್ಲೇಟಿಂಗ್ ಶೆಡ್ಡಿನವರು ಕೊಟ್ಟರು. ಭಾನುವಾರ ವರ್ಕ್‌ಶಾಪಿನಲ್ಲಿ ಸ್ಟೀಲ್ ಬಕೆಟ್ ಇಟ್ಟುಕೊಂಡು ಶುರು ಮಾಡಿದೆ.

ಇವರು ಮೊದಲು ದೂರ ನಿಂತು ಹೆಂಗಸರ ಕೆಲಸ ನೋಡುವವರಂತೆ ನೋಡಿದರು. ಸೋಡಾ ಹಾಕಿದ ಕೂಡಲೇ ನೀರು ತಾನಾಗೇ ಕಾದು ಹಬೆ ಎದ್ದಾಗ ಹತ್ತಿರ ಬಂದರು. ಅದನ್ನು ಎಣ್ಣೆಗೆ ಸುರಿದು ನಾನು ಸೌಟಿನಲ್ಲಿ ತಿರುಗಿಸತೊಡಗಿದಾಗ ಅವರಿಗೆ ತಡೆಯಲಾಗಲಿಲ್ಲ. "ಇದೇನು ಕೈಯಲ್ಲಿ ತಿರುಗಿಸ್ತೀಯಾ, ಒಂದೇ ಸ್ಪೀಡ್ ಇರಬೇಕು," ಎಂದವರೇ ಮನೆಯಿಂದ ಮಜ್ಜಿಗೆ ಕಡೆಗೋಲು ತರಿಸಿ, ಡ್ರಿಲ್ಲಿಂಗ್ ಮಷಿನ್ನಿಗೆ ಸಿಕ್ಕಿಸಿ, ಕೆಳಗೆ ಬಕೆಟ್ ಇಟ್ಟು ಸ್ವಿಚ್ ಒತ್ತಿದರು. ಅಷ್ಟು ಶ್ರದ್ಧೆಯಿಂದ ಅವರು ನನ್ನ ಅಡುಗೆಮನೆಯ ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಮಿಶ್ರಣ ದೋಸೆಹಿಟ್ಟಿನ ಹದಕ್ಕೆ ಬಂದಾಗ ಪ್ಲಾಸ್ಟಿಕ್ ಪೈಪಿನ ತುಂಡುಗಳಿಗೆ ತುಂಬಿಸಿಟ್ಟೆವು.

ಒಂದೆರಡು ದಿನದಲ್ಲಿ ಗಟ್ಟಿಯಾದ ಸೋಪನ್ನು ಬೇರಿಂಗ್ ಒತ್ತುವ ಪ್ರೆಸ್ಸಿನಿಂದ ಹೊರಗೆ ತಳ್ಳಿದರು. ಚಾಕುವಿನಲ್ಲಿ ಕತ್ತರಿಸಿದರೆ ಆಗುತ್ತಿತ್ತು. ಆದರೆ ಇವರು ಆ ಸೋಪಿನ ಉರುಳೆಯನ್ನು ಲೇತಿಗೆ ಕಟ್ಟಿದರು. ಬೆಳ್ಳನೆಯ ಸುರುಳಿಗಳು ಕಬ್ಬಿಣದ ಪುಡಿಯ ಮೇಲೆ ಬೀಳುತ್ತಿದ್ದವು. ಅಂಚಿಗೆ ಇಳಿಜಾರು ಕೊಟ್ಟರು, ನಡುವೆ ಹಗ್ಗಕ್ಕೆ ತೂತು ಕೊರೆದರು. ಒಂದೊಂದನ್ನೂ ವರ್ನಿಯರಿನಿಂದ ಅಳೆದು, ಅಳತೆ ತಪ್ಪಿದ್ದನ್ನು ರಿಜೆಕ್ಟ್ ಡಬ್ಬಕ್ಕೆ ಎಸೆದರು. ಕೈ ತೊಳೆಯುವ ಸೋಪು ಕೂದಲೆಳೆಯಷ್ಟು ಹೆಚ್ಚು ದಪ್ಪಗಿದ್ದರೆ ಯಾರಿಗೇನು ನಷ್ಟವೆಂದು ಕೇಳಿದೆ. "ನಮ್ಮ ಶೆಡ್ಡಿಂದ ಆಚೆ ಹೋಗೋ ಮಾಲು ಕಣೇ," ಎಂದು ನನ್ನನ್ನೇ ಗದರಿದರು.

ಸೋಪು ಹದವಾಗಲು ಕೆಲವು ವಾರ ಗಾಳಿಯಲ್ಲಿ ಒಣಗಬೇಕು. ಮನೆಯ ಅಟ್ಟದಲ್ಲಿ ಸಾಲಾಗಿ ಇಟ್ಟೆ. ಅತ್ತೆಯ ಮೂಗು ಅಟ್ಟದ ತನಕ ಹೋಗುತ್ತದೆಂಬುದನ್ನು ಮರೆತಿದ್ದೆ.

"ಇದು ದೇವ್ರ ಕಾಯಿ ಎಣ್ಣೆ ಅಲ್ವೇನೇ?" ಎಂದರು. ಹೌದೆಂದೆ. "ಪರಸಾದಾನ ಬಚ್ಚಲಿಗೆ ಬಿಡ್ತೀಯಾ? ಮೋರೀಲಿ ಅರಿದು ಓಗೋಕೆ?"

ನನಗೂ ರೇಗಿತು. ಹಾಗಾದರೆ ಮಂಡಿಗೆ ಹಚ್ಚಿಕೊಳ್ಳುತ್ತೀರಲ್ಲ, ಅದು ಯಾವ ಲೆಕ್ಕ ಎಂದೆ. ಅವರು ಒಂದು ಕ್ಷಣವೂ ತಡವರಿಸಲಿಲ್ಲ. "ದೇವ್ರಿಗೆ ಅಡ್ಡ ಬೀಳೋದು ಮಂಡಿ ಮ್ಯಾಲೇ ಅಲ್ವಾ? ಅದಕ್ಕೆ ಅಚ್ಚಬೋದು."

ಪೂಜೆ ಮಾಡಿಸಿದ ಅರ್ಚಕರಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ನಗಲಿಲ್ಲ. ಕಾಯಿ ಒಡೆದದ್ದು ದೇವರ ಪಟದ ಮುಂದೋ, ಮಷಿನ್ನಿನ ಮುಂದೋ ಎಂದು ವಿಚಾರಿಸಿದರು. ಮಷಿನ್ನಿನ ಮುಂದೆ ಎಂದೆ. "ಹಾಗಾದ್ರೆ ಅದು ಮಷಿನ್ನಿಗೆ ಅರ್ಪಣೆ ಆದದ್ದು. ಕೈಯಲ್ಲಿರೋ ಗ್ರೀಸೂ ಮಷಿನ್ನಿಂದೇ. ತನ್ನದನ್ನ ಅದೇ ವಾಪಸ್ ತಗೊಳ್ಳುತ್ತೆ, ದೋಷ ಇಲ್ಲ. ಆದ್ರೆ ಗ್ರೀಸ್ ಇರೋ ಕೈಗೆ ಮಾತ್ರ. ಮೈಗೆ, ಕಾಲಿಗೆ ಬೇಡ. ತೊಳೆದ ನೀರನ್ನ ಯಾರೂ ತುಳೀಬಾರ್ದು, ಮರದ ಬುಡಕ್ಕೆ ಹಾಕ್ಬಿಡಿ," ಎಂದರು.

ಅತ್ತೆಗೆ ಈ ತೀರ್ಪು ಒಪ್ಪಿಗೆಯಾಯಿತು. ಅವತ್ತಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಕೈ ತೊಳೆಯುವುದೇ ಒಂದು ವ್ರತ. ಇವರು ಹಿತ್ತಾಳೆ ಬೋಗುಣಿಯ ಮೇಲೆ ಕೈ ಉಜ್ಜಬೇಕು. ಆಮೇಲೆ ಆ ಕಪ್ಪು ನೊರೆಯ ಬೋಗುಣಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಲಾರಿಗಳ ನಡುವೆ ರಸ್ತೆ ದಾಟಿ, ಎದುರಿನ ಖಾಲಿ ಸೈಟಿನ ತೆಂಗಿನ ಮರದ ಬುಡಕ್ಕೆ ಸುರಿಯಬೇಕು. ರಾಯಚೂರು ಕಡೆಯಿಂದ ಬಂದು ನಮ್ಮಲ್ಲಿ ಕೆಲಸ ಮಾಡುವ ಹುಡುಗರು ಇದು ಮಗಳ ಮದುವೆಗೆ ಹೊತ್ತ ಹರಕೆ ಎಂದುಕೊಂಡು, ಸಾರ್ ಬೋಗುಣಿ ಹಿಡಿದು ಹೊರಟಾಗ ಮಷಿನ್ ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು. ಆಮೇಲಾಮೇಲೆ ಅಕ್ಕಪಕ್ಕದ ಶೆಡ್ಡಿನವರೂ ಸೋಪು ಕೇಳಿ ಪಡೆದು, ತಮ್ಮ ತಮ್ಮ ಬೋಗುಣಿ ಹಿಡಿದು ಅದೇ ಮರಕ್ಕೆ ಬರತೊಡಗಿದರು. ಆ ಮರಕ್ಕೆ ಏನನ್ನಿಸಿತೋ, ಗರಿಗಳೆಲ್ಲ ಹಳದಿಯಾದವು.

ಆದರೆ ಕೈ ಬೆಳ್ಳಗಾಗುತ್ತಾ ಬಂತು. ಮೊದಲು ಅಂಗೈ, ಆಮೇಲೆ ಉಗುರಿನ ಸುತ್ತ. ಒಂದು ಸಂಜೆ ಇವರು ಟ್ಯೂಬ್‌ಲೈಟಿನ ಕೆಳಗೆ ನಿಂತು ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಬಳಿಕ ಯಾರಿಗೂ ಅಲ್ಲವೆಂಬಂತೆ, "ಆ ರೇಷ್ಮೆ ಪಂಚೆ ಎಲ್ಲಿದೆ?" ಎಂದು ಕೇಳಿದರು. ನಾನು ಬೀರು ತೆಗೆಯುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಮಗಳಿಗೆ ಫೋನು ಮಾಡಿದರೆ ಅವಳೂ ಅತ್ತಳು. ವೈಟ್‌ಫೀಲ್ಡಿನ ಆಫೀಸಿನ ಮೀಟಿಂಗಿನಲ್ಲಿದ್ದಳಂತೆ, ಏನಾಯಿತೆಂದು ಎಲ್ಲರೂ ಕೇಳಿದರಂತೆ. ಅಪ್ಪನ ಕೈ ಬೆಳ್ಳಗಾಯಿತು ಎಂದು ಹೇಗೆ ಹೇಳುವುದು?

ಮದುವೆಯ ಹಿಂದಿನ ವಾರ ಇವರು ವರ್ಕ್‌ಶಾಪಿಗೆ ಕಾಲಿಡಲಿಲ್ಲ. ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು, ಆಪರೇಷನ್ನಿಗೆ ಹೊರಟ ಡಾಕ್ಟರರಂತೆ ಮನೆ ತುಂಬ ಓಡಾಡಿದರು. ದಿನಪತ್ರಿಕೆಯ ಮಸಿ ತಗಲುತ್ತದೆಂದು ನಾನೇ ಓದಿ ಹೇಳಬೇಕಾಯಿತು.

ಮದುವೆ ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಕಲ್ಯಾಣಮಂಟಪದಲ್ಲಿ. ಪೀಣ್ಯದಿಂದ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಮುಡಿದ ಹೂವು ಬಾಡಿರುತ್ತದೆ. ಅಲ್ಲಿ ಡೆಕೋರೇಷನ್ನಿನವರು ತಿರುಗುವ ಮಂಟಪ ಹಾಕಿದ್ದರು. ಹೆಣ್ಣುಗಂಡು ಕೂತ ಹಸೆ ಮೆಲ್ಲಗೆ ಸುತ್ತುತ್ತಾ ಎಲ್ಲ ನೆಂಟರಿಗೂ ಮುಖ ತೋರಿಸುತ್ತದಂತೆ. ಅರ್ಧ ಸುತ್ತು ತಿರುಗಿದ ಮಂಟಪ, ಕಟಕಟ ಸದ್ದು ಮಾಡಿ, ಮದುಮಕ್ಕಳ ಮುಖ ಹಿಂದಿನ ಗೋಡೆಗಾಗುವಂತೆ ನಿಂತುಬಿಟ್ಟಿತು. ನೆಂಟರಿಗೆಲ್ಲ ಕಂಡದ್ದು ಅವರ ಬೆನ್ನು. ಮುಹೂರ್ತ ಹತ್ತಿರವಾಗಿತ್ತು. ಮದುಮಕ್ಕಳು ಪೂರ್ವಕ್ಕೆ ಮುಖ ಮಾಡಿರಬೇಕು, ಈಗ ಪಶ್ಚಿಮಕ್ಕಿದ್ದಾರೆ ಎಂದು ಪುರೋಹಿತರು ಪೇಚಾಡಿದರು. ಡೆಕೋರೇಷನ್ನಿನವನು ರಿಮೋಟನ್ನು ಅಂಗೈಗೆ ಕುಟ್ಟುತ್ತಿದ್ದ.

ನಾನು ಪಕ್ಕಕ್ಕೆ ತಿರುಗಿದೆ. ಇವರು ಇರಲಿಲ್ಲ. ರೇಷ್ಮೆ ಪಂಚೆಯ ಎರಡು ಕಾಲು ಮಾತ್ರ ಮಂಟಪದ ಅಡಿಯಿಂದ ಹೊರಗೆ ಚಾಚಿದ್ದವು.

"ಚೈನ್ ಕಳಚಿದೆ ಅಷ್ಟೇ," ಎಂದು ಒಳಗಿನಿಂದ ದನಿ ಬಂತು. ಆ ದನಿಯಲ್ಲಿದ್ದ ಖುಷಿಯನ್ನು ನಾನು ವಾರದಿಂದ ಕೇಳಿರಲಿಲ್ಲ. ಮಂಟಪ ಒಮ್ಮೆ ಕುಲುಕಿ, ತಿರುಗಿ, ಪೂರ್ವಕ್ಕೆ ಬಂತು. ನೆಂಟರು ಚಪ್ಪಾಳೆ ತಟ್ಟಿದರು. ಇವರು ತೆವಳಿಕೊಂಡು ಹೊರಬಂದರು. ಮೊಣಕೈ ತನಕ ಕಪ್ಪು ಗ್ರೀಸು.

ಆಗ ಅವರಿಗೆ ನೆನಪಾಯಿತು. ಕೈಗಳನ್ನು ನೋಡಿಕೊಂಡರು, ಹುಡುಗನ ಸೋದರತ್ತೆಯನ್ನು ನೋಡಿದರು, ಆಮೇಲೆ ತಮ್ಮ ಅಣ್ಣನ ಕಡೆ ತಿರುಗಿದರು. ಹಸೆಯ ಮೇಲಿದ್ದ ಮಗಳ ಮುಖ ಬಿಳುಚಿತು.

ಅತ್ತೆ ತಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಸೊಂಟದ ಎಲೆಅಡಿಕೆ ಚೀಲದಿಂದ ಆ ತೂತಿನ ಸೋಪನ್ನು ತೆಗೆದರು. ಧಾರೆಯ ನೀರು ಬೀಳಲೆಂದು ಇಟ್ಟಿದ್ದ ಪರಾತದ ಮೇಲೆ ಮಗನ ಎರಡೂ ಕೈ ಎಳೆದು ಹಿಡಿದು, ಬೆಳೆದ ಮಗನಿಗೆ, ಇಡೀ ಮಂಟಪದ ಎದುರು, ಮಣ್ಣಾಡಿ ಬಂದ ಮಗುವಿಗೆ ತೊಳೆಯುವಂತೆ ಉಜ್ಜಿ ಉಜ್ಜಿ ತೊಳೆಯತೊಡಗಿದರು. ನಾನು ಚೊಂಬಿನಿಂದ ನೀರು ಹಾಕಿದೆ. ಫೋಟೊದವನು ಕ್ಯಾಮೆರಾದ ಲೈಟು ಹಾಕಿದ. ನೊರೆ ಕಪ್ಪಾಗಿ ಇಳಿಯಿತು, ಕಪ್ಪು ಮಾತ್ರ ಪೂರ್ತಿ ಇಳಿಯಲಿಲ್ಲ. ಪುರೋಹಿತರು ಮುಹೂರ್ತ ಬಂತೆಂದು ಕೂಗಿದರು.

"ಸಾಕು ಬಿಡ್ಲಾ. ಮಿಕ್ಕಿದ್ದು ನಿಂದೇಯ," ಎಂದ ಅತ್ತೆ, ಆ ಕೈಗಳನ್ನು ಮದುಮಕ್ಕಳ ಬೊಗಸೆಯ ಅಡಿಗೆ ತಳ್ಳಿದರು. ಇವರು ಕೈ ಹಿಂದೆಗೆಯಲಿಲ್ಲ. ಮೇಲೆ ತೆಂಗಿನಕಾಯಿ, ಅದರ ಮೇಲೆ ನಾನು ಎರೆದ ಹಾಲು. ಮಗಳ ಗೋರಂಟಿಯ ಬೆರಳುಗಳನ್ನು ದಾಟಿ ಇವರ ಕೈಯಿಂದ ಕೆಳಗಿಳಿಯುವಾಗ ಹಾಲು ಸ್ವಲ್ಪ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಹುಡುಗನ ಸೋದರತ್ತೆಯೂ ಬಂದು ಒಂದು ಮಿಳ್ಳೆ ಹಾಲೆರೆದು ಹೋದರು. ಊಟದ ಹೊತ್ತಿಗೆ ನನ್ನ ಪಕ್ಕ ಕೂತು, ತಮ್ಮನೆ ಗ್ಯಾಸ್ ಒಲೆಯ ಜಿಡ್ಡಿಗೆ ಆ ಸೋಪು ಆಗುತ್ತದೋ ಎಂದು ಕೇಳಿದರು. ಅರ್ಚಕರನ್ನು ಕೇಳಿ ಹೇಳುತ್ತೇನೆಂದೆ.

ಮದುವೆಯಾಗಿ ಕೆಲವು ವಾರದ ಮೇಲೆ ಆಲ್ಬಮ್ ಬಂತು. ಫೋಟೊದವನು ಕಂಪ್ಯೂಟರಿನಲ್ಲಿ ಎಲ್ಲರನ್ನೂ ಚೆಂದ ಮಾಡಿದ್ದ. ಧಾರೆಯ ಚಿತ್ರಕ್ಕೆ ಬಂದಾಗ ಇವರ ಬೆರಳು ಪುಟದ ಮೇಲೇ ನಿಂತಿತು. ಮಗಳ ಕೈಯ ಅಡಿಯಲ್ಲಿ ಬೆಳ್ಳನೆಯ, ಗೆರೆಯಿಲ್ಲದ, ನುಣುಪಾದ ಎರಡು ಕೈಗಳಿದ್ದವು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಫೋನು ಎತ್ತಿಕೊಂಡು ಫೋಟೊದವನಿಗೆ ಹೇಳಿದರು:

"ಗುರು, ಈ ಒಂದು ಪುಟ ಬದಲಾಯಿಸ್ಕೊಡಪ್ಪ. ನನ್ನ ಕೈ ಹಾಕು. ಇದರಲ್ಲಿ ಯಾರೋ ಬೇರೆಯವರು ನನ್ನ ಮಗಳನ್ನ ಧಾರೆ ಎರೆದು ಕೊಡ್ತಿದ್ದಾರೆ."