ನನ್ನ ಕೈಪಿಡಿಗೆ ಬೇಲೂರಿನ ತಿದ್ದುಪಡಿ

ಮಾಲು ಚೆನ್ನಾಗಿದೆ ಎಂದು ಮಾರುವವನ ಎದುರು ನಾನು ಇವತ್ತಿನವರೆಗೂ ಒಪ್ಪಿಕೊಂಡವನಲ್ಲ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಸ್ವಂತವಾಗಿ ಮೇಲೆ ಬಂದವನು ನಾನು. ಗಂಡಸಿ ಕಡೆಯ ರೈತರು ಎಂಥ ಗಟ್ಟಿ ಕೊಬ್ಬರಿ ತಂದು ಸುರಿದರೂ ಒಂದನ್ನು ಒಡೆದು, ಮೂಸಿ, ಮುಖ ಹುಳ್ಳಗೆ ಮಾಡಿ, “ಸ್ವಲ್ಪ ಕೌಟು ವಾಸ್ನೆ ಐತಲ್ವೇನಪ್ಪಾ?” ಎನ್ನುತ್ತೇನೆ. ಅವರು ರೇಗಿ ಚೀಲ ಕಟ್ಟಲು ಹೊರಡುತ್ತಾರೆ. ನಾನು ಕೈಹಿಡಿದು ಕೂರಿಸಿ ಕಾಫಿ ತರಿಸುತ್ತೇನೆ. ವ್ಯಾಪಾರ ಕುದುರುತ್ತದೆ. ಇದು ಇಬ್ಬರಿಗೂ ಬಾಯಿಪಾಠವಾದ ನಾಟಕ. ನೀವು ಏನನ್ನಾದರೂ ಕೊಳ್ಳುವುದಿದ್ದರೆ ಹೀಗೇ ಮಾಡಿ. ಪುಕ್ಕಟೆ ಬಂದ ಮಾಲಿನ ಮೇಲೆ ಮಾತ್ರ ಈ ವಿದ್ಯೆ ಪ್ರಯೋಗಿಸಬೇಡಿ. ನಾನು ಪ್ರಯೋಗಿಸಿ ಪೇಚಿಗೆ ಸಿಕ್ಕಿಕೊಂಡೆ.

ಮಂಡಿಯ ಬಿಡುವಿನಲ್ಲಿ ವಿಡಿಯೊ ನೋಡಿಕೊಂಡು ನಾನು ಪ್ರೋಗ್ರಾಮಿಂಗ್ ಕಲಿತಿದ್ದೇನೆ. ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟ ಕನ್ನಡವನ್ನು ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿರುತ್ತವೆ. ಅದನ್ನು ಸರಿಪಡಿಸುವ ಪುಟ್ಟದೊಂದು ಎಕ್ಸ್‌ಟೆನ್ಷನ್ ಬರೆದು, ಟೆಕ್ಸ್ಟ್ ಎಡಿಟರಿಗೆ ಜೋಡಿಸಿಕೊಳ್ಳುವಂತೆ ಓಪನ್ ಸೋರ್ಸ್ ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದೇನೆ. ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಿಯೂ ಕಳಿಸಬಹುದು. ತಿದ್ದಿದ್ದನ್ನು ಸೇರಿಸುವುದು ಬಿಡುವುದು ಯಜಮಾನನ ಮರ್ಜಿ. ಯಜಮಾನ ನಾನು. ಅದರ ಕೈಪಿಡಿಯೂ ನನ್ನದೇ ಬರಹ. ನಿಜ ಹೇಳಬೇಕೆಂದರೆ ಎಕ್ಸ್‌ಟೆನ್ಷನ್ನಿಗಿಂತ ಅದರ ಮೇಲೆಯೇ ನನಗೆ ಮೋಹ ಹೆಚ್ಚು.

ಬೇಲೂರಿನ ಕೇಶವಮೂರ್ತಿ ಎಂಬವರು ಆ ಕೈಪಿಡಿಗೇ ಕೈಹಾಕಿದರು. ಪ್ರವಾಸಿಗಳಿಗೆ ಗುಡಿ ತೋರಿಸುವ ಗೈಡು ಅವರು. ತಮ್ಮ ಹಳೆಯ ಟಿಪ್ಪಣಿಗಳನ್ನು ಓದಿಕೊಳ್ಳಲು ನನ್ನ ಎಕ್ಸ್‌ಟೆನ್ಷನ್ ಹಿಡಿದು, ಬಳಸಿ, ಕೈಪಿಡಿಯನ್ನು ತಿದ್ದಿ ಕಳಿಸಿದ್ದರು. ‘ಬಳಕೆದಾರರು ಮೊದಲಿಗೆ ಕಡತದ ಮೂಲ ಸಂಕೇತ ವಿನ್ಯಾಸವನ್ನು ಖಚಿತಪಡಿಸಿಕೊಳ್ಳತಕ್ಕದ್ದು’ ಎಂದು ನಾನು ಶುರುಮಾಡಿದ್ದೆ. ಅವರು ಅದನ್ನು ತೆಗೆದು ಹೀಗೆ ಬರೆದಿದ್ದರು: ‘ನಿಮ್ಮ ಹಳೆಯ ಫೈಲನ್ನು ತೆರೆಯಿರಿ. ಪರದೆಯ ಮೇಲೆ ಇರುವೆ ಹರಿದಾಡಿದ ಹಾಗೆ ಕಾಣುತ್ತಿದೆಯೇ? ಗಾಬರಿ ಬೇಡ. ಸರಿಯಾದ ಜಾಗಕ್ಕೇ ಬಂದಿದ್ದೀರಿ.’

ಓದಿದವನಿಗೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಬೇಲೂರಿಗೆ ಹೋದವರು ಮೊದಲು ಕತ್ತೆತ್ತಿ ಮೇಲಿನ ಮದನಿಕೆಯರನ್ನು ಹುಡುಕುತ್ತಾರೆ. ಒಳ್ಳೆಯ ಗೈಡು ಅವರ ಕಣ್ಣನ್ನು ಕೆಳಗಿಳಿಸಿ, ಬುಡದ ಆನೆಗಳ ಸಾಲಿನಿಂದ ಮೇಲಕ್ಕೆ ಹತ್ತಿಸುತ್ತಾನೆ. ಕೇಶವಮೂರ್ತಿ ನನ್ನ ಓದುಗರಿಗೂ ಅದನ್ನೇ ಮಾಡಿದ್ದರು. ನಾನು ಶಿಖರದಿಂದಲೇ ಶುರುಮಾಡಿದ್ದೆ. ಬೇಲೂರಿನ ಗುಡಿಗೋ ಈಗ ಶಿಖರವೇ ಇಲ್ಲ! ಸಾಲದ್ದಕ್ಕೆ, ತಿದ್ದುಪಡಿಯ ಕೆಳಗೆ ಯಾರೋ ಪುಣ್ಯಾತ್ಮರು ‘ಅಂತೂ ಈಗ ಅರ್ಥವಾಯಿತು’ ಎಂದು ಬರೆದುಬಿಟ್ಟಿದ್ದರು. ಹಾಗಾದರೆ ಇಷ್ಟು ದಿನ?

ತಿದ್ದುಪಡಿಯನ್ನು ತಳ್ಳಿಹಾಕಿದರೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಕೊಬ್ಬರಿಯ ಉಪಾಯ ಹೂಡಿದೆ. ಒಂದೊಂದು ಸಾಲನ್ನೂ ಒಡೆದು ಮೂಸಿದೆ. ಇರುವೆ ಎನ್ನುವುದು ಬಳಕೆದಾರರಿಗೆ ಅವಮಾನ. ‘ಗಾಬರಿ ಬೇಡ’ ಎನ್ನುವುದು ಆಸ್ಪತ್ರೆಯ ಮಾತು. ಹೋಲಿಕೆ ಅತಿಯಾಯಿತು, ಸಲಿಗೆ ಇನ್ನೂ ಅತಿಯಾಯಿತು. ಕೇಶವಮೂರ್ತಿ ರೇಗಲಿ ಎಂದು ಕಾದೆ. ರೇಗಿದರೆ ಕೂರಿಸಿ, ಸಮಾಧಾನ ಮಾಡಿ, ಅರ್ಧ ನನ್ನದು ಅರ್ಧ ಅವರದು ಎಂದು ಮುಗಿಸಬಹುದಿತ್ತು.

ಪುಣ್ಯಾತ್ಮ ರೇಗಲೇ ಇಲ್ಲ. ಪ್ರತಿ ತಕರಾರಿಗೂ ‘ಸರಿ ಸಾರ್, ತಿದ್ದಿದ್ದೇನೆ’ ಎಂಬ ಉತ್ತರ. ನಾನು ಮತ್ತೆ ಹುಳುಕು ತೆಗೆಯುವುದು, ಅವರು ಮತ್ತೆ ತಿದ್ದುವುದು. ಕೊನೆಗೆ ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ಲ್ಯಾಪ್‌ಟಾಪನ್ನು ಹೆಂಡತಿ ಗಿರಿಜೆಯ ಮುಂದಿಟ್ಟೆ. ಅವರ ಮೊದಲ ಪ್ರತಿಯನ್ನು ಓದಿ ನಕ್ಕಿದ್ದವಳು ಅವಳು.

“ಇದ್ಯಾಕ್ರೀ ಹಿಂಗಾಯ್ತು? ಆ ಇರುವೆ ಎಲ್ಲೋಯ್ತು?”

“ನಾನೇ ತೆಗೆಸ್ದೆ.”

“ನಿಮ್ದೇ ಹಳೇದು ಓದ್ದಂಗಾಯ್ತು ಕಣ್ರೀ. ಇದಕ್ಕೆ ಆವಯ್ಯ ಯಾಕೆ ಬೇಕಿತ್ತು?”

ನಿಜವೇ. ಕೇಶವಮೂರ್ತಿಯ ಬರಹವನ್ನು ಚೌಕಾಸಿ ಮಾಡಿ ಮಾಡಿ ನನ್ನ ಮಟ್ಟಕ್ಕೇ ಇಳಿಸಿದ್ದೆ. ದಮ್ಮಡಿ ಕೊಡಬೇಕಾಗಿಲ್ಲದ ಮಾಲಿನ ಬೆಲೆ ಇಳಿಸಲು ಹೋಗಿ ಮಾಲನ್ನೇ ಕೆಡಿಸಿದ ವ್ಯಾಪಾರಿ ನಮ್ಮ ಮಂಡಿಯಲ್ಲಿ ನಾನೊಬ್ಬನೇ ಇರಬೇಕು. ಅವರಿಗೆ ಫೋನು ಮಾಡಿದೆ.

“ಅಲ್ರೀ, ನಾನು ಹೇಳಿದ್ದಕ್ಕೆಲ್ಲ ಹೂಂ ಅಂದ್ಬಿಡೋದಾ? ಒಂದು ಜಗಳ ಆಡ್ಬಾರ್ದಾ?”

ಆ ಕಡೆಯಿಂದ ನಗು. “ಜಗಳ ಯಾಕೆ ಸಾರ್? ನಾನು ಗಂಟಲು ಹರ್ಕೊಂಡು ವಿವರಿಸ್ತಿದ್ರೆ ಜನ ಸೆಲ್ಫಿ ತಗೀತಿರ್ತಾರೆ. ನನ್ನ ಒಂದೊಂದು ಮಾತನ್ನೂ ಹಿಡಿದು ಓದಿದೋರು ನೀವೊಬ್ರೇ. ಖುಷಿಯಾಗಿ ತಿದ್ದಿದೆ.”

ಅವರು ಹೇಳಿದ್ದೂ ಸುಳ್ಳಲ್ಲ. ಹೊಗಳಿದವರು ಮೊದಲ ಸಾಲು ಓದಿ ಹೊಗಳಿದ್ದರು. ಹೊಟ್ಟೆಕಿಚ್ಚಿನವನು ಕೊನೆಯ ಚುಕ್ಕಿಯವರೆಗೂ ಓದಿದ್ದ. ಆದ್ದರಿಂದ ಬರೆಯುವವರಿಗೆ ನನ್ನದೊಂದು ಸಲಹೆ: ನಿಮ್ಮ ಬರಹವನ್ನು ಪೂರ್ತಿ ಓದುವವರು ಬೇಕಿದ್ದರೆ ಸ್ನೇಹಿತರಿಗೆ ಕೊಡಬೇಡಿ.

ತಿದ್ದಿ ಕಳಿಸುವ ಈ ಏರ್ಪಾಡಿನಲ್ಲಿ ಹಳೆಯ ಪ್ರತಿಗಳು ಎಲ್ಲಿಯೂ ಹೋಗುವುದಿಲ್ಲ. ಅವರು ಮೊದಲು ಕಳಿಸಿದ್ದನ್ನೇ ಹೊರತೆಗೆದು, ಇರುವೆ, ಗಾಬರಿ, ಸಲಿಗೆ ಸಮೇತ ಸೇರಿಸಿದೆ. ಚೆನ್ನಾಗಿದೆ ಎಂದೂ ಬರೆದೆ. ಆ ಒಂದು ಪದ ಟೈಪು ಮಾಡಲು ಬೆರಳಿಗೆ ಎಷ್ಟು ಕಷ್ಟವಾಯಿತೆಂದು ಕೇಳಬೇಡಿ.

ಹೊಟ್ಟೆಯ ಕೆಂಡ ಆರಿತೆಂದುಕೊಂಡಿದ್ದೆ. ಮೊನ್ನೆ ನೋಡುತ್ತೇನೆ, ಕೇಶವಮೂರ್ತಿ ಬೇರೆ ಯಾರದೋ ಎಕ್ಸ್‌ಟೆನ್ಷನ್ನಿನ ಕೈಪಿಡಿ ತಿದ್ದಿಕೊಟ್ಟಿದ್ದಾರೆ. ಅದರ ಯಜಮಾನ ಒಂದು ಸಾಲನ್ನೂ ಓದದೆ ‘ಸೂಪರ್’ ಎಂದು ಸೇರಿಸಿಕೊಂಡಿದ್ದಾನೆ. ನಮ್ಮ ಕೇಶವಮೂರ್ತಿಯ ಬೆಲೆ ಅವನಿಗೇನು ಗೊತ್ತು?